ಜೈಕಾರವಿಲ್ಲದ ಓಟು



ಮತದಾನದ ಮೇಲಿನ ಉಪನ್ಯಾಸ ಎಂದೊಡನೆ ‘ಪವಿತ್ರ ಕರ್ತವ್ಯ’ ಎಂಬ ಮಾತು ತಾನಾಗಿಯೇ ನಾಲಿಗೆಗೆ ಬಂದುಬಿಡುತ್ತದೆ. ಅದನ್ನು ಜನವರಿ 25ರ ಮತದಾರರ ದಿನದ ಪ್ರತಿಜ್ಞೆಗೆ ಬಿಟ್ಟು, ನಾನು ಇಂದು ಸ್ವಲ್ಪ ಮುಜುಗರದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಮನಸ್ಸಿಗೆ ಅಷ್ಟಾಗಿ ಹಿಡಿಸದ ಅಭ್ಯರ್ಥಿಗೆ ಓಟು ಹಾಕುವುದು ಎಂದರೇನು? ಹಾಗೆ ಹಾಕಿದವರನ್ನು ಅವಕಾಶವಾದಿಗಳು ಎನ್ನಬೇಕೇ, ಅಸಹಾಯಕರು ಎನ್ನಬೇಕೇ, ಅಥವಾ ಅವರನ್ನು ನಾವು ಇನ್ನೂ ಸರಿಯಾಗಿ ಅರ್ಥಮಾಡಿಕೊಂಡೇ ಇಲ್ಲವೇ?

ಈ ಪ್ರಶ್ನೆಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಮ್ಮ ನಾಲ್ಕು ತಾಲ್ಲೂಕುಗಳು ಸೇರಿರುವ ಮಂಡ್ಯ ಲೋಕಸಭಾ ಕ್ಷೇತ್ರ ಆರು ವರ್ಷಗಳೊಳಗೆ ಈ ಪರೀಕ್ಷೆಯನ್ನು ಮೂರು ಸಲ ಬರೆದಿದೆ. ಮೊದಲು ಆ ಕಥೆಯನ್ನು ಹೇಳುತ್ತೇನೆ. ಆಮೇಲೆ, ಮನಸ್ಸಿಲ್ಲದ ಮತದಾರನಿಗೆ ಕಾನೂನು ಯಾವ ಬಾಗಿಲುಗಳನ್ನು ತೆರೆದಿದೆ, ಯಾವುದನ್ನು ಅರ್ಧ ತೆರೆದು ಬಿಟ್ಟಿದೆ ಎಂಬುದನ್ನು ನೋಡೋಣ. ಕೊನೆಗೆ ಓಟು ಹಾಕಿದ ಮರುದಿನದ ಬಗ್ಗೆ ಎರಡು ಮಾತು. ನನಗೆ ನಿಜವಾಗಿ ಹೇಳಬೇಕಿರುವುದು ಅಲ್ಲಿದೆ.

ಕಥೆ 2018ರ ಮೇ ತಿಂಗಳಿನಿಂದ ಶುರು. ಆ ವಿಧಾನಸಭಾ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಸ್ಥಾನಗಳನ್ನು ಜೆಡಿಎಸ್ ಗೆದ್ದಿತು. ಸೋತವರಲ್ಲಿ ಹೆಚ್ಚಿನವರು ಕಾಂಗ್ರೆಸ್ಸಿನವರು. ಇಲ್ಲಿ ಆ ಎರಡು ಪಕ್ಷಗಳ ಜಗಳ ಬರೀ ಸಿದ್ಧಾಂತದ್ದಲ್ಲ. ಡೇರಿಯ ಚುನಾವಣೆ, ಸೊಸೈಟಿಯ ಚುನಾವಣೆ, ಊರ ಹಬ್ಬದ ಯಜಮಾನಿಕೆ ಎಲ್ಲದರಲ್ಲೂ ಬೇರು ಬಿಟ್ಟ ಜಗಳ. ಮತ ಎಣಿಕೆ ಮುಗಿದು ಎಂಟು ದಿನ ಕಳೆಯುವುದರೊಳಗೆ ಬೆಂಗಳೂರಿನಲ್ಲಿ ಎರಡೂ ಪಕ್ಷಗಳು ಕೈಜೋಡಿಸಿ ಸರ್ಕಾರ ಮಾಡಿದವು. ವೇದಿಕೆಯ ಮೇಲೆ ಹಾರ ಬದಲಾಯಿತು. ಕೆಳಗೆ, ಒಂದೇ ಊರಿನ ಎರಡು ಬಣಗಳು ಮುಖ ಮುಖ ನೋಡಿಕೊಂಡವು.

ಸಿ.ಎಸ್. ಪುಟ್ಟರಾಜು ಮೇಲುಕೋಟೆಯಿಂದ ಶಾಸಕರಾದದ್ದರಿಂದ ಅವರ ಸಂಸತ್ ಸ್ಥಾನ ತೆರವಾಯಿತು. 2018ರ ನವೆಂಬರ್ 3ರಂದು ಉಪಚುನಾವಣೆ. ಮೈತ್ರಿಯ ಅಭ್ಯರ್ಥಿ ಜೆಡಿಎಸ್‌ನ ಎಲ್.ಆರ್. ಶಿವರಾಮೇಗೌಡರು, ಕಣದಲ್ಲಿ ಹಸ್ತದ ಗುರುತೇ ಇರಲಿಲ್ಲ. ಅವರು 3,24,943 ಮತಗಳ ಅಂತರದಲ್ಲಿ ಗೆದ್ದರು. ಪತ್ರಿಕೆಗಳು ‘ಮೈತ್ರಿಯ ಮೋಡಿ’ ಎಂದು ಬರೆಯಲು ಅಂಕಿ ಸಾಕಿತ್ತು. ಆದರೆ ಅದೇ ಫಲಿತಾಂಶದಲ್ಲಿ ಇನ್ನೆರಡು ಅಂಕಿಗಳೂ ಇದ್ದವು. ಮತದಾನ ಶೇ. 54ರ ಆಸುಪಾಸಿನಲ್ಲಿ ನಿಂತಿತ್ತು, ಅಂದರೆ ಹೆಚ್ಚುಕಡಿಮೆ ಅರ್ಧ ಜನ ಮನೆಯಲ್ಲೇ ಉಳಿದಿದ್ದರು. ಇನ್ನು, 2014ರಲ್ಲಿ ಈ ಕ್ಷೇತ್ರದಲ್ಲಿ ಒಂದು ಲಕ್ಷವನ್ನೂ ಮುಟ್ಟದ ಬಿಜೆಪಿ ಈಗ 2,44,404 ಮತ ಪಡೆದಿತ್ತು. ಅಷ್ಟೊಂದು ಕಮಲ ಒಮ್ಮೆಲೇ ಕೆರೆಯಲ್ಲಿ ಹುಟ್ಟಿದ್ದಲ್ಲ. ಹಸ್ತ ಕಾಣದ ಕೈಗಳು ಅಲ್ಲಿಗೆ ಹೋಗಿದ್ದವು ಎಂಬುದು ನನ್ನ ಓದು. ಗೆಲುವಿನ ಸದ್ದಿನಲ್ಲಿ ಇದು ಯಾರಿಗೂ ಕೇಳಿಸಲಿಲ್ಲ.

ಅದೇ ತಿಂಗಳ 24ರಂದು ನಟ-ರಾಜಕಾರಣಿ ಅಂಬರೀಶ್ ತೀರಿಕೊಂಡರು. 2019ರ ಏಪ್ರಿಲ್ 18ರ ಚುನಾವಣೆಗೆ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಂತರು, ಬಿಜೆಪಿ ಬೆಂಬಲಿಸಿತು. ಎದುರಿಗೆ ಮೈತ್ರಿಯ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಮಗ. ಪಕ್ಕದ ಜಿಲ್ಲೆಯ ಒಬ್ಬರನ್ನೂ ಸೇರಿಸಿ ಲೋಕಸಭಾ ಕ್ಷೇತ್ರದ ಎಂಟೂ ಶಾಸಕರು ಜೆಡಿಎಸ್‌ನವರು, ಅವರಲ್ಲಿ ಮೂವರು ಮಂತ್ರಿಗಳು. ಇಷ್ಟಿದ್ದ ಮೇಲೆ ಕಾಂಗ್ರೆಸ್ ಕಾರ್ಯಕರ್ತರಿಗೆ ‘ಮೈತ್ರಿ ಧರ್ಮ’ ಪಾಲಿಸಿ ಎಂದು ಮೇಲಿನಿಂದ ಸೂಚನೆ ಬಂದರೆ ಸಾಕು ಎಂದು ಮುಖಂಡರು ಭಾವಿಸಿದ್ದರು.

ಇಲ್ಲಿ ಮತಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಬ್ಯಾಲಟ್ ಯೂನಿಟ್ಟಿನಲ್ಲಿ 16 ಸಾಲು. ಆ ಸಲ ಕಣದಲ್ಲಿ 22 ಮಂದಿ ಇದ್ದುದರಿಂದ ಪ್ರತಿ ಬೂತಿನಲ್ಲೂ ಎರಡು ಯೂನಿಟ್ಟುಗಳನ್ನು ಪಕ್ಕಪಕ್ಕ ಇಡಬೇಕಾಯಿತು. ನಿಖಿಲ್ ಅವರದ್ದು ಮೊದಲನೇ ಸಾಲು. ಸುಮಲತಾ ಅವರದ್ದು 20ನೇ ಸಾಲು, ಎರಡನೇ ಯಂತ್ರದಲ್ಲಿ. ಗುರುತು ಕಹಳೆ ಊದುವ ರೈತ, ಈ ಭಾಗದಲ್ಲಿ ಯಾವ ದೊಡ್ಡ ಪಕ್ಷವೂ ಬಳಸಿ ರೂಢಿ ಮಾಡಿದ್ದಲ್ಲ. ಸಾಲದ್ದಕ್ಕೆ ಸುಮಲತಾ ಹೆಸರಿನ ಇನ್ನೂ ಮೂವರು ಅಭ್ಯರ್ಥಿಗಳಿದ್ದರು. ವರ್ಷಗಟ್ಟಲೆ ಒಂದೇ ಗುರುತನ್ನು ಹುಡುಕಿ ಒತ್ತಿ ಅಭ್ಯಾಸವಾದ ಅಜ್ಜಿಯೊಬ್ಬರು ಆ ಮರೆಯೊಳಗೆ ನಿಂತು, ಮೊದಲ ಯಂತ್ರವನ್ನು ಬಿಟ್ಟು ಎರಡನೆಯದಕ್ಕೆ ಕಣ್ಣು ಹಾಯಿಸಿ, ನಾಲ್ವರು ಸುಮಲತೆಯರಲ್ಲಿ ತನಗೆ ಬೇಕಾದವರನ್ನು ಆರಿಸಿ, ಗುಂಡಿ ಒತ್ತಿ, ವಿವಿಪ್ಯಾಟಿನ ಕಿಂಡಿಯಲ್ಲಿ ಏಳು ಸೆಕೆಂಡು ಕಾಣುವ ಚೀಟಿಯನ್ನು ನೋಡಿ ಹೊರಬರಬೇಕು. ಹೀಗೆ ಸುಮಲತಾ ಅವರಿಗೆ 7,03,660 ಮತಗಳು ಬಿದ್ದವು. ಮೈತ್ರಿಗೆ 5,77,784. ಅಂತರ 1,25,876. ಮತದಾನ ಶೇ. 80ನ್ನು ಮುಟ್ಟಿತ್ತು.

ಉಪಚುನಾವಣೆಯಲ್ಲಿ ಶಿವರಾಮೇಗೌಡರಿಗೆ ಬಿದ್ದದ್ದು 5,69,347. ಐದೂವರೆ ತಿಂಗಳ ನಂತರ ನಿಖಿಲ್ ಅವರಿಗೆ ಬಿದ್ದದ್ದು ಅದಕ್ಕಿಂತ ಎಂಟು ಸಾವಿರದಷ್ಟು ಹೆಚ್ಚೇ. ಮೈತ್ರಿಯ ಮತ ಕುಸಿಯಲಿಲ್ಲ. ಹಿಂದಿನ ಸಲ ಮನೆಯಲ್ಲಿ ಉಳಿದವರು ಈ ಸಲ ಎದ್ದು ಬಂದರು, ಬಂದವರಲ್ಲಿ ಬಹುಪಾಲು ಇನ್ನೊಂದು ಕಡೆಗೆ ಹೋದರು. ‘ಒಳಏಟು’, ‘ದ್ರೋಹ’ ಎಂಬ ಮಾತುಗಳು ಆಗ ಧಾರಾಳವಾಗಿ ಹರಿದಾಡಿದವು. ನಾಯಕರ ಮಟ್ಟದಲ್ಲಿ ಯಾರು ಏನು ಮಾಡಿದರೋ, ಮತದಾರನ ಮಟ್ಟದಲ್ಲಿ ದ್ರೋಹ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಟ್ಟ ಮಾತನ್ನು ಮುರಿದರೆ ದ್ರೋಹ. ಮತದಾರ ಯಾರಿಗೆ ಮಾತು ಕೊಟ್ಟಿದ್ದ?

ಕಥೆಯ ಮೂರನೇ ಅಂಕ 2024ರ ಏಪ್ರಿಲ್ 26. ಈಗ ಜೆಡಿಎಸ್ ಬಿಜೆಪಿಯ ಜೊತೆಗಿತ್ತು. ಟಿಕೆಟ್ ಸಿಗದ ಸುಮಲತಾ ಕಣದಿಂದ ಹಿಂದೆ ಸರಿದು ಬಿಜೆಪಿ ಸೇರಿದರು. ಐದು ವರ್ಷದ ಹಿಂದೆ ಕಹಳೆಯ ರೈತನಿಗೆ ಒತ್ತಿದವರಿಗೆ, ಆಗ ಸೋಲಿಸಿದ್ದ ಜೆಡಿಎಸ್‌ನ ತೆನೆ ಹೊತ್ತ ಮಹಿಳೆಗೇ ಈಗ ಒತ್ತಿ ಎಂಬ ಸೂಚನೆ ಬಂತು. ಎಚ್.ಡಿ. ಕುಮಾರಸ್ವಾಮಿ 8,51,881 ಮತ ಪಡೆದು, ಕಾಂಗ್ರೆಸ್ಸಿನ ‘ಸ್ಟಾರ್ ಚಂದ್ರು’ ಎಂದೇ ಹೆಸರಾದ ವೆಂಕಟರಮಣೇಗೌಡರನ್ನು 2,84,620 ಮತಗಳಿಂದ ಸೋಲಿಸಿದರು. ಹಾಗಾದರೆ 2019ರಲ್ಲಿ ಮೇಲಿನವರ ಸೂಚನೆ ಕೇಳದ ಜನ 2024ರಲ್ಲಿ ಕೇಳಿದರೇ?

ಆ ಚುನಾವಣೆ ಮುಗಿದ ಕೆಲವು ದಿನಗಳ ಮೇಲೆ ಪಾಂಡವಪುರದ ಪಕ್ಕದ ಒಂದು ಆಲೆಮನೆಯಲ್ಲಿ ಇದೇ ಮಾತು ಬಂತು. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುತ್ತಿತ್ತು. ಒಲೆಗೆ ಒಣಸಿಪ್ಪೆ ನೂಕುತ್ತಿದ್ದವರು ಹಳೇ ಸುಮಲತಾ ಬೆಂಬಲಿಗರು. ಈ ಸಲ ತೆನೆಗೆ ಹಾಕಿದ್ದರಂತೆ. “ಹಂಗಾರೆ ಅವ್ರು ಇಷ್ಟ ಆಗ್ಬುಟ್ರಾ?” ಎಂದು ಕೇಳಿದೆ. “ಓಟ್ ಹಾಕ್ದೆ ಕಣ್ ಸಾ, ಜೈಕಾರ ಹಾಕ್ನಿಲ್ಲ” ಎಂದರು. ಮಂಡ್ಯಕ್ಕೆ ಒಬ್ಬ ಕೇಂದ್ರ ಮಂತ್ರಿ ಸಿಕ್ಕರೆ ಸಿಗಲಿ ಎಂಬುದು ಅವರ ಲೆಕ್ಕ. ಅದು ಸರಿಯೋ ತಪ್ಪೋ, ಲೆಕ್ಕ ಮಾತ್ರ ಅವರದೇ ಆಗಿತ್ತು. ನಾಯಕರು ಮತಗಳನ್ನು ಕಂತೆ ಕಟ್ಟಿ ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ಹೇರಬಹುದಾದ ಕಬ್ಬು ಎಂದುಕೊಳ್ಳುತ್ತಾರೆ. ಮೂರು ಚುನಾವಣೆಗಳು ತೋರಿಸಿದ್ದು ಬೇರೆ. ಒಲ್ಲದ ಮನಸ್ಸಿನ ಓಟು ಹಾಗೆ ಸಗಟಿನಲ್ಲಿ ಸಾಗುವುದಿಲ್ಲ. ಪ್ರತಿಯೊಬ್ಬರೂ ತಮಗೆ ಒಪ್ಪುವ ಕಾರಣ ಸಿಕ್ಕರೆ ಕೊಡುತ್ತಾರೆ, ಸಿಗದಿದ್ದರೆ ಎರಡನೇ ಯಂತ್ರದ 20ನೇ ಸಾಲನ್ನೂ ಹುಡುಕಿಕೊಂಡು ಹೋಗುತ್ತಾರೆ.

ಲೋಕಸಭೆಯಿಂದ ವಿಧಾನಸಭೆಗೆ ಇಳಿದರೆ ಇಕ್ಕಟ್ಟು ಇನ್ನೊಂದು ಬಗೆಯದು. ನಾಗಮಂಗಲವನ್ನು ನೋಡಿ. 2013ರಲ್ಲಿ ಎನ್. ಚಲುವರಾಯಸ್ವಾಮಿ ಜೆಡಿಎಸ್, ಸುರೇಶ್ ಗೌಡ ಕಾಂಗ್ರೆಸ್. 2018ಕ್ಕೆ ಅದೇ ಇಬ್ಬರು, ಪಕ್ಷಗಳು ಅದಲುಬದಲು: ಸುರೇಶ್ ಗೌಡ ಜೆಡಿಎಸ್‌ನಿಂದ ಗೆದ್ದರು, ಚಲುವರಾಯಸ್ವಾಮಿ ಕಾಂಗ್ರೆಸ್ಸಿನಿಂದ ಸೋತರು. 2023ರಲ್ಲಿ ಮತ್ತೆ ಅವರಿಬ್ಬರೇ, ಈ ಸಲ ಚಲುವರಾಯಸ್ವಾಮಿ 4,414 ಮತಗಳಿಂದ ಗೆದ್ದರು. ಪಕ್ಷಕ್ಕೆ ನಿಷ್ಠನಾದ ನಾಗಮಂಗಲದ ಮತದಾರ 2018ರಲ್ಲಿ ತಾನು ಐದು ವರ್ಷ ಬೈದ ಮನುಷ್ಯನಿಗೇ ಒತ್ತಬೇಕಾಯಿತು; ಮನುಷ್ಯನಿಗೆ ನಿಷ್ಠನಾದವನು ತಾನು ಬೈದ ಗುರುತಿಗೆ ಒತ್ತಬೇಕಾಯಿತು. ಎರಡರಲ್ಲಿ ಒಂದು ಮುಜುಗರ ಯಾರಿಗೂ ತಪ್ಪಲಿಲ್ಲ. ಜಾತಿಯ ಲೆಕ್ಕ ಹೇಳಿ ಇದನ್ನು ಬಗೆಹರಿಸುವ ಹಾಗೂ ಇಲ್ಲ. ಇಬ್ಬರೂ ಒಂದೇ ಸಮುದಾಯದವರು.

ಕೆ.ಆರ್. ಪೇಟೆಯದು ಇದಕ್ಕಿಂತ ಚುರುಕಾದ ಪ್ರಸಂಗ. 2018ರಲ್ಲಿ ಜೆಡಿಎಸ್‌ನಿಂದ ಗೆದ್ದ ನಾರಾಯಣಗೌಡರು 2019ರಲ್ಲಿ ರಾಜೀನಾಮೆ ಕೊಟ್ಟು ಅನರ್ಹರಾದರು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಆ ವರ್ಷದ ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರು ಕಮಲದ ಗುರುತಿನಿಂದ 9,731 ಮತಗಳ ಅಂತರದಲ್ಲಿ ಗೆದ್ದರು. ಮಂಡ್ಯ ಜಿಲ್ಲೆಯಲ್ಲಿ ಬಿಜೆಪಿಗೆ ಅದು ಮೊದಲ ವಿಧಾನಸಭಾ ಗೆಲುವು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಹುಟ್ಟೂರು ಬೂಕನಕೆರೆ ಇರುವುದು ಇದೇ ತಾಲ್ಲೂಕಿನಲ್ಲಿ. ಅಭ್ಯರ್ಥಿಯ ಮೇಲಿನ ಪ್ರೀತಿಗಿಂತ ‘ನಮ್ಮೂರ ಮಗ ಮುಖ್ಯಮಂತ್ರಿ’ ಎಂಬುದು ಅಲ್ಲಿ ಹೆಚ್ಚು ತೂಗಿತು ಎಂದೇ ನನ್ನ ಅಂದಾಜು. ಇನ್ನು ನಾವು ಕೂತಿರುವ ಮೇಲುಕೋಟೆ ಕ್ಷೇತ್ರದಲ್ಲಿ 2018, 2023 ಎರಡೂ ಸಲ ಕಾಂಗ್ರೆಸ್ ಅಭ್ಯರ್ಥಿಯನ್ನೇ ಹಾಕದೆ ರೈತ ಚಳವಳಿಯ ದರ್ಶನ್ ಪುಟ್ಟಣ್ಣಯ್ಯನವರನ್ನು ಬೆಂಬಲಿಸಿತು. ಮೊದಲ ಸಲ ಸೋಲು, ಎರಡನೇ ಸಲ ಗೆಲುವು. ಹಸ್ತದ ಗುರುತಿಲ್ಲದ ಯಂತ್ರದ ಮುಂದೆ ನಿಂತ ಇಲ್ಲಿನ ಕಾಂಗ್ರೆಸ್ಸಿಗರಿಗೆ ‘ಎರಡನೇ ಆಯ್ಕೆ’ ಎಂದರೇನು ಎಂದು ನಾನು ವಿವರಿಸಬೇಕಾಗಿಲ್ಲ.

ಇನ್ನು ಕಾನೂನಿನ ಕಡೆಗೆ ಬರೋಣ. ನಾವು ಆರಿಸಿ ಕಳಿಸಿದವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಶಾಸಕರಿಗೆ ವಿಪ್ ಉಂಟು; 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ಸದನದಲ್ಲಿ ಅದನ್ನು ಮೀರಿದರೆ ಸ್ಥಾನಕ್ಕೇ ಕುತ್ತು. ರಾಜ್ಯಸಭಾ ಚುನಾವಣೆಯಲ್ಲಿ, 2003ರ ತಿದ್ದುಪಡಿಯ ಮೇಲೆ, ಶಾಸಕರು ಗುರುತು ಮಾಡಿದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. 2016ರ ಜೂನ್‌ನಲ್ಲಿ ಜೆಡಿಎಸ್‌ನ ಭಿನ್ನಮತೀಯರು ಅಡ್ಡಮತ ಹಾಕಿದ್ದು ಊರಿಗೆಲ್ಲ ಗೊತ್ತಾದದ್ದು ಹಾಗೆ. ಅವರಲ್ಲಿ ನಾಗಮಂಗಲದ ಚಲುವರಾಯಸ್ವಾಮಿಯವರೂ ಶ್ರೀರಂಗಪಟ್ಟಣದ ರಮೇಶ ಬಂಡಿಸಿದ್ದೇಗೌಡರೂ ಇದ್ದರು. ಇಬ್ಬರೂ ಮುಂದೆ ಕಾಂಗ್ರೆಸ್ ಸೇರಿ 2018ರಲ್ಲಿ ಸೋತರು, 2023ರಲ್ಲಿ ಗೆದ್ದರು. ಮತದಾರನಿಗಾದರೋ ವಿಪ್ ಇಲ್ಲ, ತೋರಿಸಬೇಕಾದ ಏಜೆಂಟನೂ ಇಲ್ಲ. ಇರುವುದು ರಟ್ಟಿನ ಒಂದು ಮರೆ. ‘ಮೈತ್ರಿ ಧರ್ಮ’ ಎಂಬುದು ಆ ಮರೆಯ ಹೊರಗೇ ನಿಲ್ಲಬೇಕಾದ ಧರ್ಮ.

ಯಾರೂ ಬೇಡ ಎನ್ನುವವರಿಗೆ ನೋಟಾ ಇದೆ. ಅದಕ್ಕೂ ಮೊದಲು 49-ಒ ಎಂಬ ನಿಯಮವಿತ್ತು: ಮತ ಹಾಕಲು ಒಲ್ಲೆ ಎನ್ನುವವರು ಹಾಗೆಂದು ಅಧಿಕಾರಿಗೆ ಹೇಳಿ, ರಿಜಿಸ್ಟರಿನಲ್ಲಿ ಬರೆಸಿ, ಸಹಿ ಹಾಕಬೇಕಿತ್ತು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕಿತ್ತು. ಊರಿನ ನಾಲ್ಕು ಪಕ್ಷಗಳ ಏಜೆಂಟರು ಕೂತ ಕೋಣೆಯಲ್ಲಿ ‘ನನಗೆ ಯಾರೂ ಬೇಡ’ ಎಂದು ಬಾಯಿಬಿಟ್ಟು ಹೇಳಿ ಯಾರು ತಾನೆ ಮನೆಗೆ ನೆಮ್ಮದಿಯಾಗಿ ಹೋಗಬಲ್ಲರು? 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟಿನ ತೀರ್ಪು ಆ ನಿರಾಕರಣೆಗೂ ಗುಟ್ಟಿನ ರಕ್ಷಣೆ ಕೊಟ್ಟಿತು. ಯಂತ್ರದ ಕೊನೆಯ ಸಾಲಿಗೆ ನೋಟಾ ಬಂದದ್ದು ಹಾಗೆ.

ಆದರೆ ಅದು ಅರ್ಧ ತೆರೆದ ಬಾಗಿಲು. ನೋಟಾಕ್ಕೆ ಎಷ್ಟೇ ಬಿದ್ದರೂ, ಉಳಿದವರಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. 2024ರಲ್ಲಿ ಇಂದೋರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕೊನೆಗಳಿಗೆಯಲ್ಲಿ ನಾಮಪತ್ರ ಹಿಂತೆಗೆದುಕೊಂಡಾಗ ನೋಟಾಕ್ಕೆ 2,18,674 ಮತ ಬಿದ್ದವು. ಗೆದ್ದವರ ಅಂತರ 11 ಲಕ್ಷ ದಾಟಿತ್ತು. ಫಲಿತಾಂಶಕ್ಕೆ ಕೂದಲೂ ಕೊಂಕಲಿಲ್ಲ. ಮಹಾರಾಷ್ಟ್ರ, ಹರಿಯಾಣಗಳ ರಾಜ್ಯ ಚುನಾವಣಾ ಆಯೋಗಗಳು 2018ರಲ್ಲಿ ಸ್ಥಳೀಯ ಸಂಸ್ಥೆಗಳ ಮಟ್ಟಿಗೆ, ನೋಟಾ ಮೊದಲು ಬಂದರೆ ಮರುಚುನಾವಣೆ ಎಂಬ ನಿಯಮ ತಂದವು. ನೋಟಾ ಒತ್ತುವವರನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ನಾಗಮಂಗಲದಂತೆ 4,414 ಮತಗಳಲ್ಲಿ ಶಾಸಕ ಯಾರೆಂದು ತೀರ್ಮಾನವಾಗುವ ಕಡೆ, ಇಬ್ಬರ ನಡುವೆ ನೂಲೆಳೆಯಷ್ಟಾದರೂ ವ್ಯತ್ಯಾಸ ಕಂಡವರು ಅದನ್ನು ಹೇಳದೆ ಬರುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ‘ನನಗೆ ಇವರು ಬೇಕು, ಇವರಿಲ್ಲದಿದ್ದರೆ ಅವರು, ಅವರೂ ಇಲ್ಲದಿದ್ದರೆ ಇನ್ನೊಬ್ಬರು’ ಎಂದು ಹೇಳುವ ಸೌಲಭ್ಯ ನಮ್ಮ ಜಿಲ್ಲೆಯಲ್ಲೇ ಒಂದು ಗುಂಪಿಗೆ ಇದೆ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಸೇರಿದ, ವಿಧಾನ ಪರಿಷತ್ತಿನ ದಕ್ಷಿಣ ಪದವೀಧರರ ಕ್ಷೇತ್ರದ ಮತದಾರರಿಗೆ ಯಂತ್ರವಿಲ್ಲ, ಕಾಗದದ ಮತಪತ್ರ. ಬೂತಿನಲ್ಲೇ ಕೊಡುವ ನೇರಳೆ ಶಾಯಿಯ ಪೆನ್ನಿನಿಂದ ಹೆಸರುಗಳ ಮುಂದೆ 1, 2, 3 ಎಂದು ಬರೆಯಬೇಕು. 2022ರ ಜೂನ್‌ನಲ್ಲಿ ಇಲ್ಲಿ ಮಧು ಮಾದೇಗೌಡರು ಗೆದ್ದದ್ದು ಮೊದಲ ಪ್ರಾಶಸ್ತ್ಯದ ಮತಗಳಲ್ಲೇ ಅಲ್ಲ. ಹಿಂದುಳಿದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯವನ್ನು ಹಂಚುತ್ತಾ ಹೋದ ಮೇಲೆ. ಅಲ್ಲಿ ಮನಸ್ಸಿಲ್ಲದ ಮತಕ್ಕೂ ಒಂದು ಅಧಿಕೃತ ಅಂಕಿ ಇದೆ: 2. ಡಿಗ್ರಿ ಇದ್ದವರಿಗೆ ತಮ್ಮ ಅರೆಮನಸ್ಸನ್ನು ಬರೆದು ತಿಳಿಸುವ ಹಕ್ಕು, ಕಬ್ಬು ಕಡಿಯುವವರಿಗೆ ಒಂದೇ ಗುಂಡಿ. ಈ ತಾರತಮ್ಯವನ್ನು ಪದವೀಧರರಾದ ನಾವು ಯಾರೂ ದೊಡ್ಡ ದನಿಯಲ್ಲಿ ಪ್ರಶ್ನಿಸಿಲ್ಲ.

ಒಂದು ಹೊರಗಿನ ಉದಾಹರಣೆ. ಅದಕ್ಕೂ ಈ ಊರಿಗೂ ತೆಳ್ಳನೆಯ ನಂಟುಂಟು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣಕ್ಕೆ ಪಾಂಡವಪುರವನ್ನು ಬಹುಕಾಲ ‘ಫ್ರೆಂಚ್ ರಾಕ್ಸ್’ ಎನ್ನುತ್ತಿದ್ದರಷ್ಟೆ. ಆ ಫ್ರೆಂಚರ ದೇಶದಲ್ಲಿ ಅಧ್ಯಕ್ಷರ ಚುನಾವಣೆ ಎರಡು ಸುತ್ತಿನದು. 2002ರ ಏಪ್ರಿಲ್ 21ರ ಮೊದಲ ಸುತ್ತಿನಲ್ಲಿ ಎಡಪಕ್ಷದ ಜೊಸ್ಪಾ ಮೂರನೆಯವರಾಗಿ ಹೊರಬಿದ್ದರು. ಉಳಿದವರು ಬಲಪಂಥದ ಶಿರಾಕ್ ಮತ್ತು ತೀವ್ರ ಬಲಪಂಥದ ಲ ಪೆನ್. ಜೀವಮಾನವಿಡೀ ಶಿರಾಕರನ್ನು ವಿರೋಧಿಸಿದ ಎಡಪಂಥೀಯರು ಮೇ 5ರಂದು ಅವರಿಗೇ ಮತ ಹಾಕಿದರು. ಕೆಲವರು ಮೂಗಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿಕೊಂಡು ಬಂದರಂತೆ. ಮೊದಲ ಸುತ್ತಿನಲ್ಲಿ ಶೇ. 20ನ್ನೂ ಮುಟ್ಟದ ಶಿರಾಕ್ ಎರಡನೇ ಸುತ್ತಿನಲ್ಲಿ ಶೇ. 82 ಪಡೆದರು. ಆ ಮತ ತಮ್ಮ ಮೇಲಿನ ಪ್ರೀತಿಯದಲ್ಲ ಎಂಬುದು ಗೆದ್ದವರಿಗೂ ಗೊತ್ತಿತ್ತು, ದೇಶಕ್ಕೂ ಗೊತ್ತಿತ್ತು. ಮೊದಲ ಸುತ್ತಿನ ಅಂಕಿ ಎಲ್ಲರ ಕಣ್ಣಮುಂದಿತ್ತು. ನಮ್ಮದು ಒಂದೇ ಸುತ್ತು. ಜೈಕಾರದ ಓಟೂ, ಮೂಗು ಮುಚ್ಚಿಕೊಂಡು ಹಾಕಿದ ಓಟೂ ಒಂದೇ ರಾಶಿಗೆ ಬೀಳುತ್ತವೆ. ಹೊರಗೆ ಪಟಾಕಿ ಹೊಡೆಯುವವರು ಇಡೀ ರಾಶಿಯನ್ನು ತಮ್ಮ ಜನಪ್ರಿಯತೆ ಎಂದೇ ಎಣಿಸಿಕೊಳ್ಳುತ್ತಾರೆ.

ಈಗ ಮೊದಲೇ ಹೇಳಿದ ಕೊನೆಯ ಭಾಗಕ್ಕೆ, ಓಟು ಹಾಕಿದ ಮರುದಿನಕ್ಕೆ ಬರುತ್ತೇನೆ. ಗೆದ್ದವರ ಭ್ರಮೆಯನ್ನಾದರೂ ಸಹಿಸಬಹುದು. ನನಗೆ ಹೆಚ್ಚು ಕಳವಳ ತರುವುದು ನಮ್ಮದೇ ಒಂದು ಚಾಳಿ. ಒಲ್ಲದ ಮನಸ್ಸಿನಿಂದ ಒಬ್ಬರಿಗೆ ಓಟು ಹಾಕುತ್ತೇವೆ. ಫಲಿತಾಂಶ ಬಂದ ಮೇಲೆ, ಹಾಕಿದ ಓಟಿಗೆ ಸಮರ್ಥನೆ ಬೇಕಲ್ಲ ಎಂದು ಆ ವ್ಯಕ್ತಿಯಲ್ಲಿ ಇಲ್ಲದ ಗುಣಗಳನ್ನೆಲ್ಲ ಕಾಣತೊಡಗುತ್ತೇವೆ. ಆರು ತಿಂಗಳಿಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರ ಪರವಾಗಿ ನೆಂಟರೊಡನೆ ಜಗಳಕ್ಕೆ ನಿಲ್ಲುತ್ತೇವೆ. ಅರೆಮನಸ್ಸಿನ ಮತದಾರನ ಕೈಯಲ್ಲಿ ಇದ್ದದ್ದು ಒಂದೇ ಬಲ, ಯಾರ ಹಂಗೂ ಇಲ್ಲದೆ ಪ್ರಶ್ನೆ ಕೇಳುವ ಬಲ. ಅದನ್ನು ತಾನಾಗಿಯೇ ಒಪ್ಪಿಸಿಬಿಡುತ್ತಾನೆ.

ಕೇಳಬೇಕಾದ ಪ್ರಶ್ನೆಗಳಿಗೆ ಬರವಿಲ್ಲ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತು, 2020ರಲ್ಲಿ 40 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು; ಸಹಕಾರಿ ಷೇರುದಾರರಾದ ರೈತರ ಸ್ಥಾನಮಾನ ಈಗ ಏನು? ಬೇಬಿ ಬೆಟ್ಟದ ಗಣಿಗಾರಿಕೆ ಮತ್ತು ಕನ್ನಂಬಾಡಿ ಕಟ್ಟೆಯ ಸುರಕ್ಷತೆಯ ಬಗ್ಗೆ 2021ರಲ್ಲಿ ಆಗಿನ ಸಂಸದೆ ಸುಮಲತಾ ಅವರಿಗೂ ಜೆಡಿಎಸ್ ನಾಯಕರಿಗೂ ನಡೆದ ವಾಕ್ಸಮರವನ್ನು ರಾಜ್ಯವೆಲ್ಲ ನೋಡಿತು. ಆ ಎರಡೂ ಕಡೆಯವರು ಮುಂದೆ ಒಂದೇ ಕೂಟದಲ್ಲಿದ್ದಾಗ ಆ ಪ್ರಶ್ನೆ ಎಲ್ಲಿಗೆ ಹೋಯಿತು? ಅದನ್ನು ಅಭಿಮಾನಿ ಕೇಳಲಾರ. ವಿರೋಧಿ ಕೇಳಿದರೆ ರಾಜಕೀಯ ಎನ್ನುತ್ತಾರೆ. ‘ನಿಮಗೇ ಓಟು ಹಾಕಿದ್ದೇನೆ, ಜೈಕಾರ ಹಾಕಿಲ್ಲ’ ಎನ್ನುವವರು ಕೇಳಿದರೆ ಉತ್ತರಿಸದೆ ವಿಧಿಯಿಲ್ಲ, ಏಕೆಂದರೆ ಅವರು ಮುಂದಿನ ಸಲ ಎತ್ತ ಹೋಗುತ್ತಾರೆಂದು ಯಾರಿಗೂ ಗೊತ್ತಿಲ್ಲ.

ವಿದ್ಯಾರ್ಥಿಗಳು ಕೇಳಬಹುದು: ಮನಸಾರೆ ಒತ್ತುವಂಥ ಅಭ್ಯರ್ಥಿಗಳೇ ಏಕೆ ಸಿಗುತ್ತಿಲ್ಲ? ಟಿಕೆಟ್ ಹಂಚುವ ರೀತಿ, ಚುನಾವಣೆಯ ಖರ್ಚು, ಮನೆತನಗಳ ಹಿಡಿತ ಎಂದು ದೊಡ್ಡ ಪಟ್ಟಿಯನ್ನೇ ಕೊಡಬಹುದು. ನಾನು ಒಂದನ್ನಷ್ಟೇ ಹೇಳುತ್ತೇನೆ. 1983ರ ಕಾಯ್ದೆಯ ಮೇಲೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆದಾಗ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಆ ಪ್ರಯತ್ನದಿಂದ ಹೊಸ ಮುಖಗಳ ಒಂದು ತಲೆಮಾರೇ ಹೊರಗೆ ಬಂತು. ಜನ ಅವರನ್ನು ಕುಡಿಯುವ ನೀರಿನ ಕೆಲಸದಲ್ಲಿ, ರಸ್ತೆಯ ಕೆಲಸದಲ್ಲಿ ಹತ್ತಿರದಿಂದ ನೋಡಿ, ತೂಗಿ, ಮುಂದಿನ ಮೆಟ್ಟಿಲಿಗೆ ಕಳಿಸುವುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳು ಉರುಳಿದವು. ಸದಸ್ಯರಿಲ್ಲದ ಸಭಾಂಗಣಗಳಲ್ಲಿ ಆಡಳಿತಾಧಿಕಾರಿಗಳು ಕೂತರು. ಈ ವಿಷಯದಲ್ಲಿ ಮೂರೂ ಪಕ್ಷಗಳಲ್ಲಿ ಅಂಥ ಅವಸರವೇನೂ ಕಾಣಲಿಲ್ಲ. ಇಲ್ಲಿ ಕೂತಿರುವ ನಿಮ್ಮಲ್ಲಿ 21 ತುಂಬಿದವರು ತಾಲ್ಲೂಕು ಪಂಚಾಯ್ತಿಗೆ ಅಭ್ಯರ್ಥಿಯಾಗಿಯೇ ನಿಲ್ಲಬಹುದು. ಆ ಚುನಾವಣೆ ಯಾವಾಗ ಎಂದು ಮುಂದಿನ ಸಲ ಓಟು ಕೇಳಿಕೊಂಡು ಬಂದವರನ್ನು, ಅವರು ನಿಮಗೆ ಇಷ್ಟವಾದವರೇ ಆಗಿರಲಿ, ಆಗದವರೇ ಆಗಿರಲಿ, ಬಾಗಿಲಲ್ಲೇ ನಿಲ್ಲಿಸಿ ಕೇಳಿ.